ಸಿಹಿ ಸುಳ್ಳಿನ ವಾಚು: ಮೊದಲ ಹಾಫ್ ಮ್ಯಾರಥಾನ್‌ಗೆ ಕಟ್ಟಿಕೊಂಡ ಜಿಪಿಎಸ್ ವಾಚಿನ ಬಗ್ಗೆ

ನನಗೆ 46. ಎರಡು ವರ್ಷದ ಹಿಂದೆ ಬಸ್ ತಪ್ಪಿಹೋಗ್ತಿದ್ರೂ ಓಡ್ತಿರಲಿಲ್ಲ. ಹಾಫ್ ಮ್ಯಾರಥಾನ್‌ಗೆ (21.1 ಕಿ.ಮೀ. ಓಟ) ಹೆಸರು ಕೊಟ್ಟ ವಾರವೇ ಈ ವಾಚು ತರಿಸಿದೆ. ಹನ್ನೆರಡು ವಾರದ ತಾಲೀಮು, ಆಮೇಲೆ ಓಟ, ಎಲ್ಲಾ ಇದರ ಜೊತೆಗೇ. ಕಂಪನಿ ಹೆಸರು ಹೇಳಲ್ಲ. ಜೊತೆಗೆ ಓಡೋರ ವಾಚುಗಳನ್ನೂ ನೋಡಿದ್ದೀನಿ, ಈ ದರ್ಜೆಯವೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿ.

ಮೊದಲು ಕಣ್ಣಿನ ವಿಷಯ. ಬಂದಾಗ ಒಂದೇ ಪರದೆಯಲ್ಲಿ ಆರು ಅಂಕಿ. ಚಾಳೀಸು ಹಾಕಿಕೊಂಡು ಓಡೋಕಾಗುತ್ತಾ? ವೇಗ ಅಂದುಕೊಂಡು ಎರಡು ವಾರ ಗಡಿಯಾರದ ಹೊತ್ತು ನೋಡಿದ್ದೀನಿ. ಸೆಟ್ಟಿಂಗ್‌ನಲ್ಲಿ ಎರಡೇ ಅಂಕಿ ಉಳಿಸಿಕೊಳ್ಳಬಹುದು ಅಂತ ಆಮೇಲೆ ಮಗಳು ತೋರಿಸಿದಳು. ಬಟನ್‌ಗಳಿಗೆ ಪೂರ್ತಿ ಅಂಕ. ಬೆವರು ಕೈಯಲ್ಲಿ ಟಚ್ ಸ್ಕ್ರೀನ್ ಮಾತು ಕೇಳಲ್ಲ, ಬಟನ್ ಕೇಳುತ್ತೆ.

ಈ ವಾಚಿನಿಂದ ನನಗಾದ ನಿಜವಾದ ಉಪಕಾರ ಅಂದ್ರೆ ಅದರ ನಡುಕ. ವೇಗಕ್ಕೊಂದು ಮಿತಿ ಇಟ್ಟರೆ ಅದು ಮೀರಿದಾಗ ಮಣಿಕಟ್ಟಿನಲ್ಲಿ ಝುಂ ಅನ್ನುತ್ತೆ. ನಿಧಾನದ ಓಟಕ್ಕೆ ನಾನಿಟ್ಟ ಮಿತಿ ಕಿ.ಮೀ.ಗೆ 7:45, ಅಂದ್ರೆ 7 ನಿಮಿಷ 45 ಸೆಕೆಂಡು. ಹೊಸಬರ ದೊಡ್ಡ ರೋಗವೇ ಇದು: ನಿಧಾನವಾಗಿ ಓಡಬೇಕಾದ ದಿನವೂ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡೋದು. ಮೊದಲ ವಾರ ಐದು ಕಿ.ಮೀ. ಓಟದಲ್ಲಿ ಇಪ್ಪತ್ತು ಸಲವಾದರೂ ಝುಂ ಅಂದಿರಬೇಕು, ಬಿಚ್ಚಿ ಪೊದೆಗೆ ಎಸೆಯೋಣ ಅನಿಸಿತ್ತು. ನಾಲ್ಕನೇ ವಾರದ ಹೊತ್ತಿಗೆ ಎರಡೋ ಮೂರೋ ಸಲ, ಅಷ್ಟೇ. ಓಡ್ತಾ ಪೂರ್ತಿ ವಾಕ್ಯ ಮಾತಾಡೋಕೆ ಆಗುವ ವೇಗ ಯಾವುದು ಅನ್ನೋದು ಕಾಲಿಗೇ ಗೊತ್ತಾಗಿತ್ತು.

ಎದೆಬಡಿತದ ಕಥೆ ಬೇರೆ. ಕೆಳಗಿನ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಟ್ಟು, ರಕ್ತ ಏರಿಳಿಯೋದನ್ನ ನೋಡಿ ಬಡಿತ ಲೆಕ್ಕ ಹಾಕುತ್ತೆ. ಕೈ ಬೀಸ್ತಾ ಓಡುವಾಗ ಪಟ್ಟಿ ಸಡಿಲ ಇದ್ದರೆ ಬಡಿತ ಬಿಟ್ಟು ಹೆಜ್ಜೆಯ ತಾಳ ಹಿಡಿದುಬಿಡುತ್ತೆ. ಗೆಳತಿ ಜೊತೆ ಹರಟೆ ಹೊಡೀತಾ ಓಡ್ತಿದ್ದಾಗ ಒಂದು ದಿನ 166 ತೋರಿಸ್ತು. ನಿಮಿಷಕ್ಕೆ ನನ್ನ ಹೆಜ್ಜೆ ಎಷ್ಟು ಅಂತ ನೋಡಿದೆ, ಅದೂ 166! ಇದೇ ವಾಚು 220ರಿಂದ ವಯಸ್ಸು ಕಳೆದು ನನ್ನ ಗರಿಷ್ಠ ಬಡಿತ 174 ಅಂತ ಇಟ್ಟುಕೊಂಡಿತ್ತು. ಅದರ ಲೆಕ್ಕದಲ್ಲಿ ನಾನು ನಗ್ತಾ ನಗ್ತಾ ಪ್ರಾಣ ಬಿಡೋಳಿದ್ದೆ. ಅದರ ಮೇಲೆ ಮನೆಗೆ ಬಂದರೆ ಪರದೆಯಲ್ಲಿ 'ಅನ್‌ಪ್ರೊಡಕ್ಟಿವ್' (ಅಂದ್ರೆ ತಾಲೀಮು ದಂಡ) ಅನ್ನೋ ಬಿರುದು. "ಅಮ್ಮಾ, ನಿನ್ನ ವಾಚು ನಿನಗೆ ಬೈತಿದೆ ನೋಡು" ಅಂತ ಮಗಳು ಒಂದು ವಾರ ಆಡಿಕೊಂಡಳು. ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿದರೆ ವಾಸಿ. ಎದೆಗೆ ಕಟ್ಟುವ ಪಟ್ಟಿ ಬೇರೆ ಕೊಂಡ ಮೇಲೆ ಅದೇ ವೇಗಕ್ಕೆ 138 ಬರೋಕೆ ಶುರುವಾಯ್ತು.

ಬಡಿತ ಇಳಿದದ್ದೇ ತಡ, ವಾಚಿಗೆ ನನ್ನ ಮೇಲೆ ಪ್ರೀತಿ ಉಕ್ಕಿತು. ಇಷ್ಟು ಕಡಿಮೆ ಬಡಿತಕ್ಕೆ ಇಷ್ಟು ವೇಗ ಅಂದ್ರೆ ಗಟ್ಟಿಗಿತ್ತಿಯೇ ಇರಬೇಕು ಅಂತ ಲೆಕ್ಕ ಹಾಕಿ, ಹಾಫ್ ಮ್ಯಾರಥಾನ್ 2:12ಕ್ಕೆ, ಅಂದ್ರೆ 2 ಗಂಟೆ 12 ನಿಮಿಷಕ್ಕೆ, ಮುಗಿಸ್ತೀಯಾ ಅಂತ ಭವಿಷ್ಯ ನುಡಿಯಿತು. ನಾನು ಅಲ್ಲಿವರೆಗೆ ಓಡಿದ್ದ ಅತಿ ಉದ್ದದ ಓಟವೇ 17 ಕಿ.ಮೀ. ಅದರಲ್ಲೂ ಆಟೊ ಪಾಜ್ ಅನ್ನೋದೊಂದು ಆನ್ ಆಗೇ ಇತ್ತು. ನೀರು ಕುಡಿಯೋಕೆ, ಲೇಸ್ ಕಟ್ಟೋಕೆ ನಿಂತಾಗೆಲ್ಲ ಗಡಿಯಾರವೂ ನಿಲ್ಲುತ್ತೆ. ಆ ದಿನ ನಿಂತು ನಿಂತು ಕಳೆದ ಒಂಬತ್ತು ನಿಮಿಷ ಲೆಕ್ಕಕ್ಕೇ ಬಂದಿರಲಿಲ್ಲ. ರೇಸಿನ ಗಡಿಯಾರಕ್ಕೆ ಅಂಥ ದಾಕ್ಷಿಣ್ಯ ಇಲ್ಲ. ಮೊದಲು ಅದನ್ನ ಆಫ್ ಮಾಡಿ.

ನನ್ನ ಗುರಿ 2:30 ಇತ್ತು, ಅಂದ್ರೆ ಕಿ.ಮೀ.ಗೆ 7:06. ಆದರೆ ಆ 2:12 ತಲೆಯಲ್ಲಿ ಕೂತಿತ್ತಲ್ಲ, ಮೊದಲ ಆರು ಕಿ.ಮೀ. ತಲಾ 6:45ರಂತೆ ಹಾರಿದೆ. 2021ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಇಥಿಯೋಪಿಯಾದ ಓಟಗಾರ್ತಿ ಲೆಟೆಸೆನ್‌ಬೆಟ್ ಗಿಡೇ ಇಡೀ ಹಾಫ್ ಮ್ಯಾರಥಾನನ್ನ 1:02:52ಕ್ಕೆ ಮುಗಿಸಿದ್ದರು. ಅಷ್ಟು ಹೊತ್ತಿಗೆ ನಾನು 9ನೇ ಕಿ.ಮೀ. ಫಲಕದ ಹತ್ತಿರ ಏದುಸಿರು ಬಿಡ್ತಿದ್ದೆ. 15 ದಾಟಿದ ಮೇಲೆ ಮೀನಖಂಡ ಹಿಡಿದುಕೊಂಡು, ಒಂದಷ್ಟು ನಡಿಗೆ, ಒಂದಷ್ಟು ಓಟ. ತಪ್ಪು ನನ್ನದೇ, ಆದರೆ ಕಿವಿ ಊದಿದ್ದು ವಾಚು.

ಇನ್ನೊಂದು ವಿಷಯ ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು. ವಾಚಿನ ಕಿ.ಮೀ. ರಸ್ತೆಬದಿಯ ಫಲಕಕ್ಕಿಂತ ಮುಂಚೆಯೇ ಬರುತ್ತೆ. ಹತ್ತನೇ ಫಲಕದ ಹತ್ತಿರ ನನ್ನದು 10.12 ತೋರಿಸ್ತಿತ್ತು. ಜಿಪಿಎಸ್ ಚುಕ್ಕಿಗಳು ಅತ್ತಿತ್ತ ಬೀಳ್ತವೆ, ಅವನ್ನ ಜೋಡಿಸಿದ ಗೆರೆ ಅಂಕುಡೊಂಕಾಗಿ ಉದ್ದ ಆಗುತ್ತೆ. ಎತ್ತರದ ಕಟ್ಟಡಗಳ ನಡುವೆಯಂತೂ ಕೇಳೋದೇ ಬೇಡ. ಜೊತೆಗೆ, ಪ್ರಮಾಣೀಕೃತ ಮಾರ್ಗವನ್ನ ಅಳೆಯೋದು ಸೈಕಲ್ ಚಕ್ರಕ್ಕೆ ಎಣಿಕೆ ಯಂತ್ರ ಕಟ್ಟಿ, ತಿರುವಿನ ಒಳಅಂಚಿನಿಂದ 30 ಸೆಂ.ಮೀ. ದೂರದಲ್ಲಿ, ಅತಿ ಹತ್ತಿರದ ದಾರಿ ಹಿಡಿದು. ಕಮ್ಮಿ ಬೀಳಬಾರದು ಅಂತ ಸಾವಿರಕ್ಕೆ ಒಂದರಂತೆ ಹೆಚ್ಚೂ ಸೇರಿಸ್ತಾರೆ, ಅಂದ್ರೆ ನಮಗೆ 21 ಮೀಟರ್. ನಾನೋ ನೀರಿನ ಮೇಜಿಗೆ ಆ ಕಡೆ, ನೆರಳಿಗೆ ಈ ಕಡೆ. ಆದ್ದರಿಂದ ರೇಸಿನ ದಿನ ಆಟೊ ಲ್ಯಾಪ್ (ಪ್ರತಿ ಕಿ.ಮೀ. ಮುಗೀತು ಅಂತ ವಾಚೇ ಲೆಕ್ಕ ಹಾಕಿಕೊಳ್ಳೋದು) ಆಫ್ ಮಾಡಿ, ಪ್ರತಿ ಫಲಕದ ಹತ್ತಿರ ನೀವೇ ಬಟನ್ ಒತ್ತಿ. ನಾನು ಒತ್ತಲಿಲ್ಲ. 21.1 ಆದ ಕೂಡಲೇ ವಾಚು ಝುಂ ಅಂತು. ತಲೆ ಎತ್ತಿದರೆ ಓಟ ಮುಗಿಯುವ ಕಮಾನು ಇನ್ನೂ ದೂರದಲ್ಲಿದೆ. ಆ 240 ಮೀಟರ್‌ನಷ್ಟು ಉದ್ದದ ರಸ್ತೆ ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಬ್ಯಾಟರಿ ಬಗ್ಗೆ ದೂರಿಲ್ಲ, ಇಡೀ ರೇಸಿಗೆ 90ರಿಂದ 71ಕ್ಕೆ ಇಳೀತು. ಚಾರ್ಜಿಂಗ್ ಪಿನ್‌ಗಳಿಗೆ ಮಾತ್ರ ಬೆವರಿನ ಉಪ್ಪು ಹಿಡಿಯುತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸ್ತಿರಬೇಕು.

ಐದಕ್ಕೆ ಮೂರೂವರೆ. ಹೊಸದಾಗಿ ಓಡೋರು ಆ ಝುಂ ಒಂದಕ್ಕಾಗಿ ಕೊಳ್ಳಬಹುದು, ಭವಿಷ್ಯದ ಪುಟ ತೆರೆಯಲೇಬೇಡಿ. ನನ್ನ ಪ್ರಮಾಣಪತ್ರದಲ್ಲಿ ಇರೋದು 2:38:41. ವಾಚು ತನ್ನ 21.1ಕ್ಕೇ ಲೆಕ್ಕ ಮುಗಿಸಿ, 'ಹಾಫ್ ಮ್ಯಾರಥಾನ್ ದಾಖಲೆ 2:36:50' ಅಂತ ಕಪ್ಪಿನ ಚಿತ್ರ ಹಾಕಿ ಇಟ್ಟುಕೊಂಡಿದೆ. ಮಗಳು ಎಲ್ಲರಿಗೂ ಹೇಳ್ತಿರೋದು ವಾಚಿನ ಲೆಕ್ಕವನ್ನೇ. ನಾನೂ ತಿದ್ದೋಕೆ ಹೋಗಿಲ್ಲ.