ಪಾಂಟ್‌ಕಸಲ್ತೆ ಮೇಲ್ಗಾಲುವೆ: ನಡೆದು ದಾಟುವುದೋ, ದೋಣಿಯಲ್ಲೋ?

ವೇಲ್ಸ್‌ನ ಡೀ ನದಿಯ ಮೇಲೆ 38 ಮೀಟರ್ ಎತ್ತರದಲ್ಲಿ ಹಾದುಹೋಗುವ ಈ ಮೇಲ್ಗಾಲುವೆಯನ್ನು, ಅಂದರೆ ಕಾಲುವೆಯ ನೀರನ್ನೂ ದೋಣಿಗಳನ್ನೂ ಕಣಿವೆ ದಾಟಿಸುವ ಸೇತುವೆಯನ್ನು, ನಡೆದು ದಾಟಲು ಕಾಸು ಬೇಕಿಲ್ಲ. ಉದ್ದ 307 ಮೀಟರ್. ನಿಂತು ನಿಂತು ನಡೆದರೂ ಹತ್ತು ನಿಮಿಷ. ಆದರೂ ಉತ್ತರ ತುದಿಯ ದೋಣಿ ತಂಗುದಾಣವಾದ ಟ್ರೆವರ್ ಬೇಸಿನ್‌ನಲ್ಲಿ ದುಡ್ಡು ಕೊಟ್ಟು ದೋಣಿ ಹತ್ತುವುದೇ ಲೇಸು. ಕಾಲುದಾರಿ ಇರುವ ಪೂರ್ವದ ಅಂಚಿಗಷ್ಟೇ ಕಂಬಿ ಕಟ್ಟಿದ್ದಾರೆ. ಪಶ್ಚಿಮದಲ್ಲಿ ನೀರು ಹರಿಯುವ ಕಬ್ಬಿಣದ ತೊಟ್ಟಿಯ ಅಂಚು ನೀರಿನಿಂದ ಒಂದು ಗೇಣೂ ಮೇಲಿಲ್ಲ. ದೋಣಿಯಿಂದ ಆ ಕಡೆ ನೋಡಿದರೆ ಅಂಚೇ ಕಣ್ಣಿಗೆ ಬೀಳದು, ನೇರವಾಗಿ ಕಣಿವೆ! ತಲೆ ಸುತ್ತುವವರಿಗೆ ಕಾಲುದಾರಿಯೇ ಸರಿ. ಅದೂ ಇಕ್ಕಟ್ಟು, ಎದುರಿಗೆ ಮಗುವಿನ ಗಾಡಿ ಬಂದರೆ ಒಬ್ಬರು ಕಂಬಿಗೆ ಒತ್ತಿಕೊಂಡು ನಿಲ್ಲಬೇಕು. ಸೈಕಲ್ಲಿದ್ದರೆ ಇಳಿದು ತಳ್ಳಿಕೊಂಡು ಹೋಗಿ.

ಸ್ವಂತಕ್ಕೆ ದೋಣಿ ಬಾಡಿಗೆ ಹಿಡಿಯುವವರು ಎರಡು ವಿಷಯ ತಿಳಿದಿರಬೇಕು. ಮೇಲೆ ಅಗಲಕ್ಕೆ ಒಂದೇ ದೋಣಿಗೆ ಜಾಗ. ಒಳನುಗ್ಗುವ ಮುನ್ನ ಆಚೆ ತುದಿ ನೋಡಿ, ಎದುರು ಬರುತ್ತಿದ್ದರೆ ಕಾಯಿರಿ. ಬೇಸಿಗೆಯ ವಾರಾಂತ್ಯದಲ್ಲಿ ಸಾಲು ಬೆಳೆಯುತ್ತದೆ. ಎರಡನೆಯದು, ನೀರು ಟ್ರೆವರ್‌ನಿಂದ ದಕ್ಷಿಣ ತುದಿಯ ಹಳ್ಳಿ ಫ್ರಾನ್‌ಕಸಲ್ತೆಯತ್ತ ಹರಿಯುತ್ತದೆ. ಹಿಂತಿರುಗುವಾಗ ಎದುರು ಸೆಳೆತ. ಎಂಜಿನ್ ಎಷ್ಟು ಒತ್ತಿದರೂ ಹಿಂಭಾಗ ಕೆಳಕ್ಕೆ ಕೂರುತ್ತದೆಯೇ ಹೊರತು ವೇಗ ಏರದು. ತೊಟ್ಟಿ 3.6 ಮೀಟರ್ ಅಗಲ, ದೋಣಿ ಸುಮಾರು 2.1, ಮಿಕ್ಕ ಜಾಗದ ಬಹುಪಾಲು ಕಾಲುದಾರಿಗೆ. ಹಾಗಿದ್ದರೂ ದೋಣಿ ಸಾಗುವುದು ಕಾಲುದಾರಿಯನ್ನು ನೀರಿನ ಮೇಲೆಯೇ ಚಾಚಿ ಕಟ್ಟಿದ್ದರಿಂದ: ದೋಣಿ ತಳ್ಳಿದ ನೀರು ಅದರಡಿ ನುಸುಳಿ ಹಿಂದಕ್ಕೆ ಹೋಗುತ್ತದೆ.

ಎಂಜಿನಿಯರ್‌ಗಳಾದ ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ 1795ರಲ್ಲಿ ಶುರುಮಾಡಿ 1805ರಲ್ಲಿ ಮುಗಿಸಿದ ಕೆಲಸವಿದು. ಕಲ್ಲಿನ ಕಾಲುವೆ ಕಟ್ಟಿ ನೀರು ಸೋರದಂತೆ ಜೇಡಿಮಣ್ಣು ಮೆತ್ತಿದ್ದರೆ ಭಾರಕ್ಕೆ ದಪ್ಪ ಕಂಬಗಳೇ ಬೇಕಾಗುತ್ತಿದ್ದವು. ಅದಕ್ಕೇ ಎರಕದ ಕಬ್ಬಿಣದ ಹಲಗೆಗಳನ್ನು ಬೋಲ್ಟು ಹಾಕಿ ಜೋಡಿಸಿ, ಸಂದುಗಳಿಗೆ ಸಕ್ಕರೆ ಪಾಕದಲ್ಲಿ ಅದ್ದಿದ ಉಣ್ಣೆಬಟ್ಟೆ ತುರುಕಿ ಸೀಸ ಬಡಿದರು. ಗಾರೆಗೆ ಎತ್ತಿನ ರಕ್ತ ಬೆರೆಸಿದ್ದರು. ಭಾರ ಇಳಿಸಲೆಂದೇ ಹದಿನೆಂಟು ಕಲ್ಲುಕಂಬಗಳ ಮೇಲ್ಭಾಗ ಒಳಗೆ ಟೊಳ್ಳು.

ದೂರು ಒಂದಿದೆ: ಮೇಲೆ ನಿಂತವರಿಗೆ ಇದ್ಯಾವುದೂ ಕಾಣದು. ಕೆಳಗಿಳಿದು ಡೀ ನದಿಯ ಹಳೆಯ ಕಲ್ಲುಸೇತುವೆಯ ಮೇಲೆ ನಿಂತರಷ್ಟೇ ಕಂಬಗಳ ಸಪೂರ ಗೊತ್ತಾಗುವುದು. ಇಳಿಜಾರಿದೆ, ಮಳೆಯಲ್ಲಿ ಜಾರುತ್ತದೆ, ಹಿಡಿತದ ಬೂಟು ಹಾಕಿ. ಹೊರಡುವ ಮೊದಲು ದುರಸ್ತಿಗೆ ಮುಚ್ಚಿದೆಯೇ ಎಂದೂ ವಿಚಾರಿಸಿ. ಪರೀಕ್ಷೆಗೆಂದು ಆಗಾಗ ತೊಟ್ಟಿಯ ತೂಬು ತೆಗೆದು ನೀರನ್ನು ನದಿಗೇ ಸುರಿಯುತ್ತಾರೆ, ಆಗ ದೋಣಿ ಓಡದು.