ಎ620, ಎಫ್30: ಎರಡು ಹಳೇ ಪುಟ್ಟ ಕ್ಯಾಮೆರಾ, ಒಂದು ವರ್ಷದ ಒಡನಾಟ

ಕ್ಯಾನನ್ ಪವರ್‌ಶಾಟ್ ಎ620 ಬಂದಿದ್ದು 2005ರಲ್ಲಿ. ಫ್ಯೂಜಿಫಿಲ್ಮ್ ಫೈನ್‌ಪಿಕ್ಸ್ ಎಫ್30 ಬಂದಿದ್ದು 2006ರಲ್ಲಿ. ನನ್ನ ಕೈಗೆ ಎರಡೂ ಸೆಕೆಂಡ್ ಹ್ಯಾಂಡ್ ಆಗಿಯೇ ಸಿಕ್ಕವು. ಒಂದು ವರ್ಷ ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಓಡಾಡಿದ್ದೇನೆ. ಎಷ್ಟೋ ಸಲ ಒಂದೇ ಜಾಗದಲ್ಲಿ ನಿಂತು, ಒಂದೇ ಫೋಟೊವನ್ನು ಎರಡರಲ್ಲೂ ತೆಗೆದಿದ್ದೇನೆ. ಹಳೇ ಡಿಜಿಟಲ್ ಕ್ಯಾಮೆರಾ ಕೊಳ್ಳಬೇಕು, ಯಾವುದಾಗಬಹುದು ಅಂತ ಕೇಳಿದವರಿಗೆಲ್ಲ ಎ620 ಅಂತಲೇ ಹೇಳುತ್ತೇನೆ. ಆದರೆ ಕತ್ತಲಾಗುತ್ತಾ ಬಂದರೆ ನನ್ನ ಕೈ ತಾನಾಗಿ ಎಫ್30 ಕಡೆ ಹೋಗುತ್ತದೆ.

ಮೆಗಾಪಿಕ್ಸೆಲ್ ಲೆಕ್ಕವನ್ನು ಇಲ್ಲಿಗೇ ಬಿಟ್ಟುಬಿಡೋಣ. ಎ620ಯಲ್ಲಿ 7.1, ಎಫ್30ಯಲ್ಲಿ 6.3. ಫೋಟೊ ಪ್ರಿಂಟ್ ಹಾಕಿಸಿ ಪಕ್ಕಪಕ್ಕ ಇಟ್ಟರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್, ಅದರ ಗಾತ್ರವೂ ಹೆಚ್ಚುಕಮ್ಮಿ ಒಂದೇ: 1/1.8 ಇಂಚು ಮತ್ತು 1/1.7 ಇಂಚು. ಎರಡೂ ಸಿಸಿಡಿ ಅನ್ನುವ ಹಳೇ ಬಗೆಯ ಸೆನ್ಸರ್. ಹಳೇ ಕ್ಯಾಮೆರಾದ ಬಣ್ಣ ಚೆಂದ, ಅದಕ್ಕೆ ಸಿಸಿಡಿಯೇ ಕಾರಣ ಅಂತ ತುಂಬಾ ಜನ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಬಣ್ಣ ಹುಟ್ಟುವುದು ಸೆನ್ಸರ್ ಮೇಲಿನ ಫಿಲ್ಟರ್‌ನಿಂದ, ಆಮೇಲೆ ಕ್ಯಾಮೆರಾ ಒಳಗೆ ಜೆಪಿಇಜಿ ಫೋಟೊ ಫೈಲ್ ತಯಾರಾಗುವ ರೀತಿಯಿಂದ. ಎರಡರಲ್ಲೂ ಸಿಸಿಡಿಯೇ ಇದ್ದರೂ ಇವುಗಳ ಹಸಿರು ಬೇರೆ, ಚರ್ಮದ ಬಣ್ಣ ಬೇರೆ.

ಇವತ್ತು ಹಳೇ ಕ್ಯಾಮೆರಾ ಬಳಸುವವರಿಗೆ ನಿಜವಾದ ಪ್ರಶ್ನೆ ಬ್ಯಾಟರಿ ಮತ್ತು ಕಾರ್ಡಿನದು. ಎ620ಗೆ ನಾಲ್ಕು ಡಬಲ್ ಎ ಸೆಲ್ ಬೇಕು. ಶುರುವಿನಲ್ಲಿ ಗೊತ್ತಿಲ್ಲದೆ ಮಾಮೂಲಿ ಆಲ್ಕಲೈನ್ ಸೆಲ್ ಹಾಕಿದ್ದೆ. ನಾಲ್ಕು ಸಲ ಫ್ಲ್ಯಾಶ್ ಹೊಡೆಯುವಷ್ಟರಲ್ಲಿ ಬ್ಯಾಟರಿ ಬದಲಿಸಿ ಅಂತ ಬಂತು. ಅದೇ ಸೆಲ್‌ಗಳನ್ನು ತೆಗೆದು ಗೋಡೆ ಗಡಿಯಾರಕ್ಕೆ ಹಾಕಿದರೆ ಈಗಲೂ ನಡೆಯುತ್ತಿದೆ! ಕಾರಣ ಇಷ್ಟೇ. ಲೆನ್ಸ್ ಹೊರಗೆ ಬರುವಾಗ, ಫ್ಲ್ಯಾಶ್ ಚಾರ್ಜ್ ಆಗುವಾಗ ಕ್ಯಾಮೆರಾ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಗ ಆಲ್ಕಲೈನ್ ಸೆಲ್‌ನ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಅದನ್ನು ಖಾಲಿ ಅಂತ ತಿಳಿಯುತ್ತದೆ. ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಮೇಲೆ 1.5 ಬದಲು 1.2 ವೋಲ್ಟ್ ಅಂತ ಬರೆದಿದ್ದರೂ ಅದು ಆ ಎಳೆತಕ್ಕೆ ಜಗ್ಗುವುದಿಲ್ಲ. ಅದನ್ನು ಹಾಕಿದ ಮೇಲೆ ನನಗೆ ಬ್ಯಾಟರಿ ಚಿಂತೆಯೇ ಇಲ್ಲ. ಭಾರ ಮಾತ್ರ ಇದ್ದೇ ಇದೆ. ನಾಲ್ಕು ಸೆಲ್ಲೇ ನೂರು ಗ್ರಾಂ ಮೇಲಾಗುತ್ತದೆ.

ಎಫ್30ಗೆ ಅದರದೇ ಬ್ಯಾಟರಿ, ಎನ್‌ಪಿ-95. ಹೊಸದರಲ್ಲಿ ಒಂದು ಚಾರ್ಜಿಗೆ 580 ಫೋಟೊ ಅಂತ ಕಂಪನಿ ಹೇಳಿತ್ತು. ಆ ಕಾಲದ ಪುಟ್ಟ ಕ್ಯಾಮೆರಾಗೆ ಇದು ದೊಡ್ಡ ಮಾತೇ. ನಂತರದ ಎಕ್ಸ್100 ಕ್ಯಾಮೆರಾಗೂ ಇದೇ ಬ್ಯಾಟರಿ ಬಳಸಿದ್ದರಿಂದ ಎನ್‌ಪಿ-95 ಇನ್ನೂ ಹುಡುಕಿದರೆ ಸಿಗುತ್ತದೆ. ಆದರೆ ಹುಷಾರು. ನಾನು ತರಿಸಿದ ಒಂದು ಬದಲಿ ಬ್ಯಾಟರಿ, ಹೆಸರೇ ಕೇಳಿರದ ಬ್ರ್ಯಾಂಡಿನದು, ಕೆಲವೇ ತಿಂಗಳಲ್ಲಿ ಊದಿಕೊಂಡು ಒಳಗೇ ಸಿಕ್ಕಿಕೊಂಡಿತು. ಕ್ಯಾಮೆರಾ ತಲೆಕೆಳಗೆ ಹಿಡಿದು, ಅಂಗೈ ಮೇಲೆ ಮೆಲ್ಲಗೆ ತಟ್ಟಿ ತಟ್ಟಿ ಹೊರಗೆ ತೆಗೆಯಬೇಕಾಯಿತು. ಬ್ಯಾಟರಿ ಸ್ವಲ್ಪ ಉಬ್ಬಿದ ಹಾಗೆ ಕಂಡರೂ ಮತ್ತೆ ಹಾಕಬೇಡಿ.

ಕಾರ್ಡಿನ ವಿಷಯದಲ್ಲಿ ಎ620ಯೇ ಮೇಲು. ಅದಕ್ಕೆ ಎಸ್‌ಡಿ ಕಾರ್ಡ್ ಸಾಕು. 2 ಜಿಬಿ ಒಳಗಿನದ್ದೇ ಆಗಬೇಕು ಅನ್ನುವುದನ್ನು ಮರೆಯಬೇಡಿ. 2 ಜಿಬಿ ದಾಟಿದರೆ ಎಸ್‌ಡಿಎಚ್‌ಸಿ ಅನ್ನುವ ಬೇರೆ ಬಗೆಯ ಕಾರ್ಡ್ ಆಗುತ್ತದೆ, ಅದನ್ನು ಈ ಕ್ಯಾಮೆರಾ ಓದುವುದಿಲ್ಲ. ಎಫ್30ಗೆ ಬೇಕಾದದ್ದು ಎಕ್ಸ್‌ಡಿ ಕಾರ್ಡ್. 2002ರಲ್ಲಿ ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ ಸೇರಿ ತಂದದ್ದು ಅದು. ಈಗ ಯಾರೂ ತಯಾರಿಸುವುದಿಲ್ಲ. ನನ್ನ ಹತ್ತಿರ 1 ಜಿಬಿಯದು ಒಂದೇ ಒಂದು ಇದೆ, ಸುಮಾರು 300 ಫೋಟೊ ಹಿಡಿಯುತ್ತದೆ. ಅದನ್ನು ಓದುವ ಹಳೇ ರೀಡರ್ ಒಂದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಎಫ್30 ಕೊಳ್ಳುವುದಾದರೆ ಕಾರ್ಡ್ ಸಮೇತ ಸಿಕ್ಕರೆ ಮಾತ್ರ ಕೊಳ್ಳಿ.

ಇಷ್ಟೆಲ್ಲ ತಾಪತ್ರಯ ಇದ್ದೂ ಅದನ್ನು ಯಾಕೆ ಇಟ್ಟುಕೊಂಡಿದ್ದೇನೆ? ಒಂದು ರಾತ್ರಿ ಅಜ್ಜಿ ಮೇಜಿನ ದೀಪದ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಕಣ್ಣು ಕಿರಿದು ಮಾಡಿ, ದಾರದ ತುದಿ ಒದ್ದೆ ಮಾಡಿ, ಮತ್ತೆ ಮತ್ತೆ. ಫ್ಲ್ಯಾಶ್ ಹೊಡೆದರೆ ಎಲ್ಲ ಹಾಳು. ಐಎಸ್ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, ಎ620ಯಲ್ಲಿ 400ರ ಆಚೆ ಹೋಗುವಂತಿಲ್ಲ. ಶಟರ್ ತೆರೆದಿರುವ ಹೊತ್ತು 1/8 ಸೆಕೆಂಡಿಗೆ ಬಂತು, ಅಜ್ಜಿಯ ಬೆರಳು ಮಸುಕಾದವು. ಎಫ್30ಯಲ್ಲಿ ಐಎಸ್ಒ 1600 ಇಟ್ಟೆ. ಲೆನ್ಸ್ ತೆರೆಯುವ ಅಳತೆ (ಅಪರ್ಚರ್) ಎರಡರದೂ ಎಫ್/2.8, ಬೆಳಕೂ ಅದೇ. ಶಟರ್ 1/30 ಆಯಿತು. ಮೊಣಕೈ ಮೇಜಿಗೆ ಊರಿ, ಉಸಿರು ಹಿಡಿದು ಒತ್ತಿದೆ. ಸೂಜಿಯ ಕಣ್ಣು ಕಾಣುತ್ತದೆ. ಹೆಬ್ಬೆರಳಿನ ಗೆರೆ ಕಾಣುತ್ತದೆ. ಸ್ವಲ್ಪ ಕಾಳು ಕಾಳಾಗಿದೆ ನಿಜ, ಆದರೆ ಅದು ಅಜ್ಜಿಯ ಕೈಯೇ. ಎಫ್30ಯ ಐಎಸ್ಒ 3200ರವರೆಗೂ ಹೋಗುತ್ತದೆ. ಜೇಬಿನಲ್ಲಿ ಹಿಡಿಯುವ ಕ್ಯಾಮೆರಾದಲ್ಲಿ 2006ರಲ್ಲಿ ಇದು ದೊಡ್ಡ ಸುದ್ದಿ. ನಾನು ಮಾತ್ರ 1600ಕ್ಕೇ ನಿಲ್ಲಿಸುತ್ತೇನೆ.

ಹಗಲಲ್ಲಿ ಕಥೆ ತಿರುಗುತ್ತದೆ. ಎ620ಯ ಪರದೆ ಸಣ್ಣದು, 2 ಇಂಚು. ಆದರೆ ಬಿಡಿಸಿ ಬೇಕಾದ ಕಡೆ ತಿರುಗಿಸಬಹುದು. ನೆಲದ ಮೇಲಿನ ಇರುವೆಯನ್ನು ತೆಗೆಯಲು ಮಲಗಬೇಕಾಗಿಲ್ಲ. ಮ್ಯಾಕ್ರೊದಲ್ಲಿ, ಅಂದರೆ ತೀರಾ ಹತ್ತಿರದ ಫೋಟೊ ತೆಗೆಯುವಾಗ, 1 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ, ಎಫ್30ಯದು 5 ಸೆಂಟಿಮೀಟರ್. ಅಷ್ಟು ಹತ್ತಿರ ಹೋದಾಗ ಲೆನ್ಸಿನ ನೆರಳೇ ಇರುವೆ ಮೇಲೆ ಬೀಳುತ್ತದೆ. ಬೆಳಕು ಪಕ್ಕದಿಂದ ಬರುವ ಹಾಗೆ ಕೂತರೆ ಸರಿಹೋಗುತ್ತದೆ. ಸುಡುಬಿಸಿಲಲ್ಲಿ ಪರದೆ ಕಾಣದಿದ್ದಾಗ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇದೆ. ಎಫ್30ಯಲ್ಲಿ ಅದಿಲ್ಲ. ಜೂಮ್ ಕೂಡ ಎ620ಯದೇ ಸ್ವಲ್ಪ ಜಾಸ್ತಿ, ನಾಲ್ಕು ಪಟ್ಟು. ಶಟರ್, ಅಪರ್ಚರ್ ಎರಡನ್ನೂ ನಾವೇ ಇಟ್ಟುಕೊಳ್ಳುವ ಪೂರ್ತಿ ಮ್ಯಾನ್ಯುಯಲ್ ಇರುವುದೂ ಇದರಲ್ಲೇ. ಕಲಿಯುವವರಿಗೆ ಇದು ತುಂಬಾ ಮುಖ್ಯ. ಸಿಎಚ್‌ಡಿಕೆ ಅನ್ನುವ ಉಚಿತ ಸಾಫ್ಟ್‌ವೇರನ್ನು ಕಾರ್ಡಿಗೆ ಹಾಕಿದರೆ ರಾ ಫೈಲ್ (ಸೆನ್ಸರ್‌ನಿಂದ ಬಂದ ಹಾಗೇ ಇರುವ ಫೋಟೊ) ಕೂಡ ತೆಗೆಯಬಹುದು. ವಿಡಿಯೊ ಎರಡರಲ್ಲೂ ಒಂದೇ, 640×480. ಅದಕ್ಕೆ ಫೋನೇ ವಾಸಿ.

ಅಣ್ಣನ ಮಗಳಿಗೆ ಹದಿಮೂರು ವರ್ಷ. ಹೋದ ತಿಂಗಳು ಬಂದವಳು ಎರಡನ್ನೂ ತಿರುಗಿಸಿ ನೋಡಿ, "ಚಿಕ್ಕಪ್ಪ, ಒಂದು ನನಗೆ ಕೊಡ್ತೀರಾ?" ಅಂದಳು. ಎ620 ಕೊಟ್ಟೆ, ಜೊತೆಗೆ ಎಂಟು ಸೆಲ್, ಒಂದು ಚಾರ್ಜರ್. ಪರದೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡು ಮೊದಲ ಫೋಟೊ ತೆಗೆದಳು. ಆಮೇಲೆ ಅಜ್ಜಿಯ ಕನ್ನಡಕವನ್ನು, 1 ಸೆಂಟಿಮೀಟರ್ ದೂರದಿಂದ. ಎಫ್30 ಇನ್ನೂ ನನ್ನ ಮೇಜಿನ ಮೇಲೇ ಇದೆ, ಕಾರ್ಡಿನಲ್ಲಿ ಇನ್ನೂ 40 ಫೋಟೊಗೆ ಜಾಗ ಇದೆ.