ಇಡಿಟಿ, ಇಡಿಪಿ, ಅತ್ತರು: ದಾವಣಗೆರೆ ಬಿಸಿಲಿಗೆ ಯಾವುದು ನಿಲ್ಲುತ್ತೆ?

ಏಪ್ರಿಲ್ ಬಿಸಿಲಿನ ದಾವಣಗೆರೆಯಲ್ಲಿ ಮೂರು ಬಗೆಯ ಸುಗಂಧವನ್ನೂ ಒಂದೇ ಮುಂಗೈ ಮೇಲೆ ಹಚ್ಚಿ ನೋಡಿದೆವು: ನಿಂಬೆ-ಬರ್ಗಮಾಟ್ (ನಿಂಬೆ ಜಾತಿಯದೇ ಒಂದು ಹಣ್ಣು) ಇಡಿಟಿ ಅಂದರೆ ಓ ದ ತ್ವಾಲೆಟ್, ಗುಲಾಬಿ-ವೆನಿಲ್ಲಾ ಇಡಿಪಿ ಅಂದರೆ ಓ ದ ಪರ್ಫ್ಯೂಮ್, ಲಾವಂಚದ ಅತ್ತರು. ಮೊದಲೆರಡು ಆಲ್ಕೋಹಾಲಿನ ಸ್ಪ್ರೇ, ಅತ್ತರು ಎಣ್ಣೆ. ನಡುವೆ ನಾಲ್ಕು ಬೆರಳಿನ ಅಂತರ. ಕೈಯನ್ನು ಬರೀ ನೀರಲ್ಲಿ ತೊಳೆದಿದ್ದು. ಸೋಪಿನ ವಾಸನೆ ಬೆರೆತರೆ ಲೆಕ್ಕ ತಪ್ಪುತ್ತೆ.

ಸ್ಪ್ರೇ ಎರಡನ್ನೂ ಮೊದಲ ಅರ್ಧ ನಿಮಿಷ ಮೂಸಬೇಡಿ, ಅದು ಬರೀ ಆಲ್ಕೋಹಾಲು. ಆಮೇಲೆ ಏಳೋದು ಮೇಲ್ಪದರ, ಅಂದರೆ ಮೊದಲು ಬಂದು ಮೊದಲು ಹೋಗುವ ವಾಸನೆ. ಅದರ ಹಿಂದೆ ನಡುಪದರ, ಕೊನೆವರೆಗೆ ಉಳಿಯೋದು ಅಡಿಪದರ. ನಿಂಬೆ ಜಾತಿಯಲ್ಲಿರೋ ಲಿಮೊನೀನ್ ಹಗುರ ಅಣು, ಬೇಗ ಹಾರುತ್ತೆ. ಇಡಿಟಿಯ ನಿಂಬೆ ಇಪ್ಪತ್ತು ನಿಮಿಷಕ್ಕೆ ಮುಗಿಯಿತು, ಎರಡು ಗಂಟೆಗೆ ಚರ್ಮಕ್ಕೆ ಮೂಗು ತಾಗಿಸಿದರಷ್ಟೇ ಸಿಕ್ಕಿತು. ಇದು ಕಳಪೆ ಮಾಲು ಅಂತಲ್ಲ, ನಿಂಬೆಯ ಗುಣವೇ ಹಾಗೆ. ಅಂಗಡಿಯಲ್ಲಿ ಕಾಗದದ ಪಟ್ಟಿ ಮೂಸಿ ಎರಡೇ ನಿಮಿಷಕ್ಕೆ ದುಡ್ಡು ಕೊಡುವವರು ಕೊಳ್ಳೋದು ಈ ಮೇಲ್ಪದರವನ್ನು ಮಾತ್ರ.

ಇಡಿಪಿಯದ್ದು ಬೇರೆ ಕತೆ. ಇಡಿಟಿಯಲ್ಲಿ ಸುಗಂಧ ದ್ರವ್ಯ ಸಾಮಾನ್ಯವಾಗಿ ಶೇ. 5ರಿಂದ 15 ಇದ್ದರೆ ಇದರಲ್ಲಿ 15ರಿಂದ 20. ಅರ್ಧ ಗಂಟೆಗೆ ನಡುಪದರದ ಗುಲಾಬಿ ಅರಳಿತು, ಮೂರು ಗಂಟೆ ನಿಂತಿತು. ಆಮೇಲೆ ಅಡಿಪದರದ ವೆನಿಲ್ಲಾ ಸಂಜೆವರೆಗೂ ಉಳಿಯಿತು. ಆದರೆ ಮೈ ಕಾದಾಗ ಎಲ್ಲವೂ ಒಟ್ಟಿಗೆ ಎದ್ದುಬಿಡುತ್ತೆ. ಎರಡು ಸಲ ಒತ್ತಿಕೊಂಡು ಮಧ್ಯಾಹ್ನದ ಚಿತ್ರದುರ್ಗದ ಬಸ್ಸು ಹತ್ತಿದರೆ ಪಕ್ಕದವರು ಕಿಟಕಿ ತೆಗೆಯುತ್ತಾರೆ. ಒಂದೇ ಸಾಕು, ಅದೂ ಅಂಗಿಯೊಳಗೆ ಎದೆ ಮೇಲೆ.

ಅತ್ತರು ಮೊದಲ ಹತ್ತು ನಿಮಿಷ ಮೂಕ. ಹಾರಿಹೋಗೋಕೆ ಆಲ್ಕೋಹಾಲೇ ಇಲ್ಲ. ಲಾವಂಚವೂ ಅಡಿಪದರದ ಭಾರಿ ದ್ರವ್ಯ. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜಿನ ಹಳೇ ಪದ್ಧತಿಯಲ್ಲಿ ತಾಮ್ರದ ಹಂಡೆಯಿಂದ ಬಂದ ಆವಿಯನ್ನು ಶ್ರೀಗಂಧದ ಎಣ್ಣೆಗೆ ಇಳಿಸುತ್ತಾರೆ. ಆ ಗಂಧದೆಣ್ಣೆಯೇ ಉಳಿದದ್ದನ್ನು ಹಿಡಿದಿಡೋದು. ಮೈ ಬೆಚ್ಚಗಾದಂತೆ ಹಸಿಮಣ್ಣು, ಬೇರಿನ ವಾಸನೆ ಮೆಲ್ಲಗೆ ಬಂದು ಎಂಟು ಗಂಟೆ ಹೆಚ್ಚೂಕಡಿಮೆ ಒಂದೇ ತರ ಇತ್ತು. ಬದಲಾವಣೆ ಬೇಕು ಅನ್ನುವವರಿಗೆ ಬೇಸರವಾದೀತು. ಅಗ್ಗದ ಸೀಸೆಯಲ್ಲಿ ಗಂಧದೆಣ್ಣೆ ಬದಲು ಹಲವು ಸಲ ಪ್ಯಾರಾಫಿನ್ ಎಣ್ಣೆ ಇರುತ್ತೆ: ಚರ್ಮದ ಮೇಲೆ ಜಿಡ್ಡು ಉಳಿದು ವಾಸನೆ ಸಪ್ಪೆಯಾದರೆ ಅದೇ ಅನುಮಾನ.

ಅಳತೆ ನೋಡಿ. ಒಂದು ಸ್ಪ್ರೇ ಅಂದರೆ ಸುಮಾರು 0.1 ಮಿಲಿ, ಶೇ. 10ರ ಇಡಿಟಿಯಲ್ಲಿ ಸುಗಂಧ ಅಷ್ಟರ ಹತ್ತನೇ ಒಂದು ಭಾಗ. ಗಾಜಿನ ಕಡ್ಡಿಯ ಒಂದು ಹನಿ ಅತ್ತರು ಪೂರ್ತಿ ಎಣ್ಣೆಯೇ. ಅದಕ್ಕೇ ಕಡ್ಡಿ ತಾಗಿಸಿದರೆ ಸಾಕು, ಸುರಿಯಬಾರದು. ಬಿಳಿ ಪಂಚೆ, ರೇಷ್ಮೆ ಸೀರೆಗೆ ತಾಗಿಸಲೂಬಾರದು, ಕಲೆ ಹೋಗೋದು ಕಷ್ಟ.

ಬರ್ಗಮಾಟ್ ಇದ್ದ ಇಡಿಟಿ ಹಚ್ಚಿದ ಜಾಗವನ್ನು ಬಿಸಿಲಿಗೆ ಒಡ್ಡಬೇಡಿ. ಬಿಸಿಲಿಗೆ ಚರ್ಮವನ್ನು ಸುಡಿಸುವ ಬರ್ಗಾಪ್ಟೆನ್ ಅನ್ನೋ ಅಂಶ ತೆಗೆಯದ ಬರ್ಗಮಾಟ್ ಎಣ್ಣೆಯಾದರೆ ಚರ್ಮ ಕಪ್ಪಿಟ್ಟೀತು. ಮಣಿಕಟ್ಟು ಉಜ್ಜೋ ಅಭ್ಯಾಸವೂ ಬೇಡ: ಅಣು ಒಡೆಯೋದೇನಿಲ್ಲ, ಶಾಖಕ್ಕೆ ಮೇಲ್ಪದರ ಬೇಗ ಹಾರುತ್ತೆ ಅಷ್ಟೆ. ಅರ್ಧ ಗಂಟೆಗೆ ವಾಸನೆ ಹೋಯ್ತು ಅನ್ನಿಸಿದರೆ ಮತ್ತೆ ಹಾಕುವ ಮೊದಲು ಬೇರೆಯವರನ್ನು ಕೇಳಿ. ಬಹಳ ಸಲ ನಿಮ್ಮ ಮೂಗೇ ಒಗ್ಗಿಹೋಗಿರುತ್ತೆ.

ಹೊರಗೆ ಅಲೆಯೋ ಕೆಲಸಕ್ಕೆ ಅತ್ತರು, ಎಸಿ ಆಫೀಸಿಗೆ ಇಡಿಪಿ. ಇಡಿಟಿ ಸಂಜೆ ಸ್ನಾನದ ಮೇಲೆ. ಒಣಚರ್ಮವಾದರೆ ಮೊದಲು ಅಕ್ಕಿಕಾಳಿನಷ್ಟು ವ್ಯಾಸಲಿನ್ ಸವರಿ. ಲಾವಂಚದ ಮೇಲೆಯೇ ನಿಂಬೆ ಇಡಿಟಿ ಹಾಕಿ ನೋಡಿದಾಗ ಇಪ್ಪತ್ತು ನಿಮಿಷದ ನಿಂಬೆ ಮುಕ್ಕಾಲು ಗಂಟೆ ಎಳೆಯಿತು.